ಅಂಗವಿಕಲರ ಮಾಸಾಶನ ನಡೆದುಬಂದ ದಾರಿ

ಅಂಗವಿಕಲರ ಜೀವನ ನಿರ್ವಹಣೆಗೆ ಸರ್ಕಾರದ ಬೊಕ್ಕಸದಿಂದ ಹಣ ಕೊಡಬೇಕೆಂಬ ಮಾತು ಸ್ವತಂತ್ರ ಭಾರತದಲ್ಲಿ ಸಂವಿಧಾನದಷ್ಟೇ ಹಳೆಯದು. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಿಂದ ಕಷ್ಟಕ್ಕೆ ಸಿಕ್ಕವರಿಗೆ ಸಾರ್ವಜನಿಕ ನೆರವಿನ ಹಕ್ಕು ದೊರೆಯುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ 41ನೆಯ ವಿಧಿ. ಆದರೆ ಜೊತೆಯಲ್ಲೇ ಒಂದು ಷರತ್ತನ್ನೂ ಇಡುತ್ತದೆ: ಇದೆಲ್ಲ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಆಗಬೇಕು. ಈ ವಿಧಿ ಇರುವುದು ನಿರ್ದೇಶಕ ತತ್ವಗಳ ಭಾಗದಲ್ಲಿ. ಹಾಗಾಗಿ ಇದೊಂದನ್ನೇ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿ ಮಾಸಾಶನ ಕೇಳಲು ಬರುವುದಿಲ್ಲ. ಸಂವಿಧಾನ ಇನ್ನೊಂದು ಕೆಲಸವನ್ನೂ ಮಾಡಿತು. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 9ನೆಯ ವಿಷಯವಾಗಿ ಅಂಗವಿಕಲರ ಮತ್ತು ದುಡಿಯಲಾಗದವರ ಪರಿಹಾರವನ್ನು ಸೇರಿಸಿ, ಹೊಣೆಯನ್ನು ರಾಜ್ಯಗಳ ಹೆಗಲಿಗೆ ಹಾಕಿತು. ಮುಂದಿನ ಏಳು ದಶಕಗಳ ಕಥೆ ಬಹುಮಟ್ಟಿಗೆ ಈ ಎರಡು ತೀರ್ಮಾನಗಳ ಸುತ್ತಲೇ ನಡೆದಿದೆ.

ತೆರಿಗೆ ಎತ್ತಿ ಅಂಗವಿಕಲರನ್ನು ಸಲಹುವ ಕಾನೂನು ಜಗತ್ತಿಗೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1601ರ ಬಡವರ ಕಾಯ್ದೆಯು ಚರ್ಚಿನ ಆಡಳಿತ ಘಟಕವಾದ ಪ್ರತಿ ಪ್ಯಾರಿಷ್‌ನ ನಿವಾಸಿಗಳಿಂದ ಕರ ವಸೂಲು ಮಾಡಿ ಕುಂಟರು, ಕುರುಡರು, ಕೈಲಾಗದ ವೃದ್ಧರನ್ನು ನೋಡಿಕೊಳ್ಳಬೇಕೆಂದು ವಿಧಿಸಿತ್ತು. ಅದೇ ಇಂಗ್ಲೆಂಡ್ ಭಾರತವನ್ನು ಆಳಿದಾಗ ಇಲ್ಲಿ ಅಂಥ ಕಾನೂನನ್ನು ತರಲಿಲ್ಲ. ಎಣಿಕೆಯನ್ನೇನೋ ಮಾಡಿತು. 1872ರಿಂದ 1931ರವರೆಗಿನ ಜನಗಣತಿಗಳಲ್ಲಿ ಕಣ್ಣು ಕಾಣದವರು, ಕಿವಿ ಕೇಳದೆ ಮಾತು ಬಾರದವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಕುಷ್ಠರೋಗಿಗಳು ಎಂದು ಪ್ರತ್ಯೇಕ ಲೆಕ್ಕವಿತ್ತು. ಲೆಕ್ಕಕ್ಕೆ ಸಿಕ್ಕವರ ಅನ್ನದ ಹೊಣೆ ಮಾತ್ರ ಮನೆಯವರದು, ಊರಿನವರದು, ಮಠ ಮತ್ತು ದೇವಸ್ಥಾನಗಳದು. ಶಿಕ್ಷಣದ ಹೊಣೆಯನ್ನು ಮಿಷನರಿಗಳೂ ಉದಾರಿಗಳೂ ಹೊತ್ತರು. ಅಮೃತಸರದಲ್ಲಿ 1887ರಲ್ಲಿ ಅಂಧರಿಗಾಗಿ ಶಾಲೆ ತೆರೆಯಿತು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು.

ಸರ್ಕಾರ ಹಿಂದೆಮುಂದೆ ನೋಡದೆ ಹಣ ಬಿಚ್ಚಿದ್ದು ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರಿಗಾಗಿ 1943ರಲ್ಲಿ ಡೆಹ್ರಾಡೂನ್‌ನಲ್ಲಿ ಪುನರ್ವಸತಿ ಕೇಂದ್ರವೊಂದು ಶುರುವಾಯಿತು. ಕಾರ್ಖಾನೆಯಲ್ಲಿ ಕೈಬೆರಳು ತುಂಡಾದ ಕಾರ್ಮಿಕನಿಗೆ 1923ರ ಪರಿಹಾರ ಕಾಯ್ದೆಯಡಿ ಮಾಲೀಕ ಹಣ ಕೊಡಬೇಕಾಯಿತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಅದಕ್ಕೆ ವಿಮೆಯ ರೂಪ ಕೊಟ್ಟಿತು. ಸೈನಿಕ ದೇಶಕ್ಕಾಗಿ ಅಂಗ ಕಳೆದುಕೊಂಡ, ಕಾರ್ಮಿಕ ದುಡಿಯುತ್ತಿದ್ದಾಗ ಕಳೆದುಕೊಂಡ ಎಂಬ ಸಮರ್ಥನೆ ಅಲ್ಲಿತ್ತು. ಹುಟ್ಟಿನಿಂದಲೇ ಕಣ್ಣು ಕಾಣದ ಕೂಲಿಕಾರನ ಮಗಳಿಗೆ, ಎರಡನೆಯ ವರ್ಷಕ್ಕೆ ಪೋಲಿಯೊ ಬಂದು ಕಾಲು ಸೋತ ಹುಡುಗನಿಗೆ ಈ ಎರಡು ಬಾಗಿಲುಗಳೂ ಮುಚ್ಚಿದ್ದವು. ಮೊದಲು ಏನನ್ನಾದರೂ ಸಲ್ಲಿಸಿದವರಿಗೆ ಮಾತ್ರ ನೆರವು ಎಂಬ ಈ ತರ್ಕ ಇಂದಿಗೂ ಪೂರ್ತಿ ಹೋಗಿಲ್ಲ. ‘ತೆರಿಗೆದಾರರ ದುಡ್ಡು’ ಎಂಬ ಮಾತು ಎದ್ದಾಗಲೆಲ್ಲ ಇದೂ ಜೊತೆಗೆ ಬರುತ್ತದೆ.

ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ಕೇಂದ್ರದ ಹಣ ಹೆಚ್ಚಾಗಿ ಸಂಸ್ಥೆಗಳಿಗೆ ಹೋಯಿತು, ವ್ಯಕ್ತಿಗಳ ಕೈಗಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದ್ದು ಹೀಗೆ. ಕೃತಕ ಅಂಗ ಮತ್ತು ಮೂರು ಗಾಲಿಯ ಸೈಕಲ್ ತಯಾರಿಸುವ ಸರ್ಕಾರಿ ಕಾರ್ಖಾನೆ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾಯಿತು. 1977ರಲ್ಲಿ ಕೇಂದ್ರ ಸರ್ಕಾರದ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ ಶೇ 3ರ ಮೀಸಲಾತಿ ಬಂತು. ಜನಗಣತಿಯಲ್ಲಿ ಐವತ್ತು ವರ್ಷ ಬಿಟ್ಟುಹೋಗಿದ್ದ ಅಂಗವೈಕಲ್ಯದ ಪ್ರಶ್ನೆ 1981ರಲ್ಲಿ ಮತ್ತೆ ಸೇರಿತು. ಅದು ವಿಶ್ವಸಂಸ್ಥೆ ಘೋಷಿಸಿದ್ದ ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೂ ಹೌದು. 1991ರಲ್ಲಿ ಆ ಪ್ರಶ್ನೆ ಮತ್ತೆ ಬಿಟ್ಟುಹೋಯಿತು. ಎಷ್ಟು ಜನರಿದ್ದಾರೆಂದೇ ತಿಳಿಯದೆ ಬಜೆಟ್‌ನಲ್ಲಿ ಎಷ್ಟು ಹಣ ಇಡುವುದು? ಎಣಿಕೆಯಿಂದ ಹೊರಗುಳಿದವರು ಹಂಚಿಕೆಯಿಂದಲೂ ಹೊರಗುಳಿದರು.

ಅಂಗವಿಕಲರೇ ಬೀದಿಗಿಳಿದ ಮೇಲೆ ದಿಕ್ಕು ಬದಲಾಯಿತು. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇದ್ದು ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿ ಮತ್ತು ಸಂಗಡಿಗರು 1995ರ ಡಿಸೆಂಬರ್ 19ರಂದು ದೆಹಲಿಯಲ್ಲಿ ಸಂಸತ್ತಿನ ಬಳಿ ಪ್ರತಿಭಟನೆ ನಡೆಸಿದರು. ಅಧಿವೇಶನ ಮುಗಿಯುವ ಹೊತ್ತಾಗಿತ್ತು, ಅಂಗವಿಕಲರ ಹಕ್ಕುಗಳ ಮಸೂದೆ ಕಡತದಲ್ಲೇ ಕೊಳೆಯುವ ಲಕ್ಷಣವಿತ್ತು. ಕೆಲವೇ ದಿನಗಳಲ್ಲಿ ಅದಕ್ಕೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. 1996ರ ಫೆಬ್ರುವರಿ 7ರಂದು ಅದು ಕಾಯ್ದೆಯಾಗಿ ಜಾರಿಗೆ ಬಂತು. ಶಿಕ್ಷಣ, ಉದ್ಯೋಗ, ಮೀಸಲಾತಿಗಳ ಬಗ್ಗೆ ಈ ಕಾಯ್ದೆ ಖಚಿತವಾಗಿ ಮಾತಾಡಿತು. ಸಾಮಾಜಿಕ ಭದ್ರತೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಸಂವಿಧಾನದ ಹಳೆಯ ಷರತ್ತನ್ನೇ ಎತ್ತಿಕೊಂಡಿತು: ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ನಿರುದ್ಯೋಗ ಭತ್ಯೆ, ವಿಮೆ, ಪುನರ್ವಸತಿ. 2001ರ ಜನಗಣತಿಯಲ್ಲಿ ಪ್ರಶ್ನೆಯನ್ನು ಮರಳಿ ಸೇರಿಸಲೂ ಹೋರಾಟ ಬೇಕಾಯಿತು. ಆಗ ಸಿಕ್ಕ ಸಂಖ್ಯೆ 2.19 ಕೋಟಿ. 2011ರಲ್ಲಿ ಅದು 2.68 ಕೋಟಿಗೆ ಏರಿತು. ಕರ್ನಾಟಕದವರು ಅದರಲ್ಲಿ 13.24 ಲಕ್ಷ.

ಕೇಂದ್ರ ಸರ್ಕಾರ ಮಾಸಾಶನಕ್ಕೆ ಕೈಹಾಕಿದ್ದು 2009ರಲ್ಲಿ, ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯ ಮೂಲಕ. ಆರಂಭದ ಮೊತ್ತ ತಿಂಗಳಿಗೆ 200 ರೂಪಾಯಿ. 2012ರಲ್ಲಿ ಅದು 300 ಆಯಿತು. ಕುಟುಂಬ ಬಡತನ ರೇಖೆಯ ಕೆಳಗಿರಬೇಕು, ವಯಸ್ಸು 18 ತುಂಬಿರಬೇಕು, ವೈಕಲ್ಯ ಶೇ 80ಕ್ಕೆ ಕಡಿಮೆ ಇರಬಾರದು. ಈ ಕೊನೆಯ ಷರತ್ತು ಅತಿ ಕಠಿಣ. ಉಳಿದ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಸಾಕು. ಒಂದು ಕಾಲು ಪೋಲಿಯೊದಿಂದ ಸೋತು, ಕೋಲೂರಿ ನಡೆಯುತ್ತ, ಹೊಲದ ಕೂಲಿಗೆ ಯಾರೂ ಕರೆಯದ ಮನುಷ್ಯ ಶೇ 50 ಅಥವಾ 60ಕ್ಕೆ ನಿಂತುಬಿಟ್ಟರೆ ಕೇಂದ್ರದ ಲೆಕ್ಕದಲ್ಲಿ ಅವನಿಲ್ಲ.

ಈ ಶೇಕಡಾವಾರು ಲೆಕ್ಕವೇ ಇಡೀ ವ್ಯವಸ್ಥೆಯ ಹೆಬ್ಬಾಗಿಲು. ಸರ್ಕಾರಿ ಆಸ್ಪತ್ರೆಯ ವೈದ್ಯರು ಕೀಲುಗಳು ಎಷ್ಟು ಮಡಚುತ್ತವೆ, ಸ್ನಾಯುಗಳಿಗೆ ಎಷ್ಟು ಬಲವಿದೆ, ಕಣ್ಣು ಎಷ್ಟು ದೂರದ ಅಕ್ಷರ ಓದುತ್ತದೆ, ಕಿವಿ ಎಷ್ಟು ಡೆಸಿಬಲ್ ಸದ್ದನ್ನು ಹಿಡಿಯುತ್ತದೆ ಎಂದು ಅಳೆದು, ಅಧಿಸೂಚಿತ ಸೂತ್ರಗಳ ಪ್ರಕಾರ ಒಂದು ಅಂಕಿ ಬರೆಯುತ್ತಾರೆ. ಆ ಅಂಕಿ ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿನ ಮೇಲೆ ಬೀಳುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಮೊದಲು ಕೇಳುವುದು ಅದನ್ನೇ. ದೇಹದಲ್ಲಿ ಎಷ್ಟು ಕೊರತೆಯಿದೆ ಎಂಬುದನ್ನು ಈ ಅಳತೆ ಹೇಳುತ್ತದೆ. ಬದುಕಿಗೆ ಎಷ್ಟು ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದವರು ಆಟೊ ಹಿಡಿಯಬೇಕು. ಸಾರಿಗೆ ನಿಗಮದ ರಿಯಾಯಿತಿ ಪಾಸ್ ಜೇಬಿನಲ್ಲಿದ್ದರೂ ಆ ಮೆಟ್ಟಿಲು ತಗ್ಗುವುದಿಲ್ಲ. ಹಾಸಿಗೆ ಹಿಡಿದ ಮಗನನ್ನು ಎತ್ತಿ ಕೂರಿಸಲು ತಾಯಿ ಕೂಲಿ ಬಿಟ್ಟು ಮನೆಯಲ್ಲೇ ಉಳಿಯಬೇಕು. ಹೀಗೆ ಕೈತಪ್ಪುವ ಕೂಲಿ ಯಾವ ಪ್ರಮಾಣಪತ್ರದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ವೈದ್ಯರನ್ನು ದೂರುವಂತಿಲ್ಲ. ಅಳೆಯಬೇಕಾದ್ದನ್ನು ಅಳೆಯಲು ಅವರಿಗೆ ಯಾರೂ ಹೇಳಿಲ್ಲ.

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದಕ್ಕೆ ತಕ್ಕ ಹೊಸ ಕಾನೂನು ಬರಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಹಣದ ಮಟ್ಟಿಗೆ ಮುಖ್ಯವಾದದ್ದು ಅದರ 24ನೆಯ ಸೆಕ್ಷನ್. ಇತರರಿಗೆ ಇರುವ ಅದೇ ಬಗೆಯ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳಿತು. ವೈಕಲ್ಯದ ಬದುಕಿಗೆ ಖರ್ಚು ಹೆಚ್ಚು ಎಂಬುದನ್ನು ಹೀಗೆ ಅಂಕಿಯಲ್ಲಿ ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ಅದೇ ಸೆಕ್ಷನ್‌ನಲ್ಲಿ ಆರ್ಥಿಕ ಸಾಮರ್ಥ್ಯದ ಮಿತಿ ಎಂಬ ಷರತ್ತೂ ಉಳಿದುಕೊಂಡಿತು.

ಕರ್ನಾಟಕದ ಅಂಕಿಗಳನ್ನು ಈ ಸೆಕ್ಷನ್ ಪಕ್ಕದಲ್ಲಿಟ್ಟು ನೋಡಬಹುದು. ಶೇ 40ರಿಂದ 75ರ ನಡುವಿನ ವೈಕಲ್ಯ ಇರುವವರ ಮಾಸಾಶನ 2021ರಲ್ಲಿ 600 ರೂಪಾಯಿಯಿಂದ 800ಕ್ಕೆ ಏರಿತು. ಶೇ 75ಕ್ಕಿಂತ ಹೆಚ್ಚಿದ್ದವರಿಗೆ 1,400. ಅದೇ ವರ್ಷ ಸಂಧ್ಯಾ ಸುರಕ್ಷಾ ಯೋಜನೆಯ ವೃದ್ಧರಿಗೆ 1,200 ಆಯಿತು. ಅದಕ್ಕೆ ಶೇ 25 ಸೇರಿಸಿದರೆ 1,500 ಆಗುತ್ತದೆ. ಹೆಚ್ಚಿನ ದರ ಪಡೆಯುವವರೂ ಅಲ್ಲಿಗೆ ಮುಟ್ಟುವುದಿಲ್ಲ.

ರಾಜ್ಯ ಪಟ್ಟಿಯ ಪರಿಣಾಮ ಗಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಹೆಚ್ಚುಕಡಿಮೆ ಎಲ್ಲ ದಿಕ್ಕಿನಲ್ಲೂ ಆಂಧ್ರಪ್ರದೇಶ ಸುತ್ತುವರಿದಿದೆ. 2024ರಲ್ಲಿ ಆಂಧ್ರ ಸರ್ಕಾರ ಅಂಗವಿಕಲರ ಮಾಸಾಶನವನ್ನು 3,000ದಿಂದ 6,000 ರೂಪಾಯಿಗೆ ಏರಿಸಿತು. ತೆಲಂಗಾಣ ಅದಕ್ಕೂ ಒಂದು ವರ್ಷ ಮೊದಲು 4,016ಕ್ಕೆ ಏರಿಸಿತ್ತು. ಪಾವಗಡದ ಹಳ್ಳಿಯೊಂದರಲ್ಲಿ 800 ರೂಪಾಯಿ ಪಡೆಯುವವನ ನೆಂಟ ಆಂಧ್ರದ ಮಡಕಶಿರಾ ಕಡೆ ಇದ್ದು, ಅವನಿಗೂ ಅಷ್ಟೇ ವೈಕಲ್ಯವಿದ್ದರೆ ಏಳೂವರೆ ಪಟ್ಟು ಹಣ ಪಡೆಯುತ್ತಾನೆ. ಮಳೆ, ಬೆಳೆ, ಶೇಂಗಾ ಬೆಲೆ ಎರಡೂ ಕಡೆ ಒಂದೇ. ಎರಡು ರಾಜ್ಯಗಳ ಸಾಮರ್ಥ್ಯದಲ್ಲಿ ಏಳೂವರೆ ಪಟ್ಟು ವ್ಯತ್ಯಾಸವಿದೆ ಎಂದು ಯಾರೂ ಹೇಳಲಾರರು. ಮೊತ್ತವನ್ನು ನಿರ್ಧರಿಸುವುದು ಬೊಕ್ಕಸದ ಗಾತ್ರಕ್ಕಿಂತ ಹೆಚ್ಚಾಗಿ ಸರ್ಕಾರದ ಆಯ್ಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಕರ್ನಾಟಕ ಮುಂದಿರುವ ಕ್ಷೇತ್ರವೂ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ವ್ಯವಸ್ಥೆ ಇಲ್ಲಿದೆ. ಅವರೂ ಅಂಗವಿಕಲರೇ. ಅರ್ಜಿ ಬರೆಸುವುದು, ಆಸ್ಪತ್ರೆಯ ತಪಾಸಣಾ ಶಿಬಿರಕ್ಕೆ ಕರೆದೊಯ್ಯುವುದು, ನಿಂತುಹೋದ ಮಾಸಾಶನದ ಕಾರಣ ಹುಡುಕುವುದು, ಪಂಚಾಯಿತಿಯ ಶೇ 5ರ ಅನುದಾನ ಅಂಗವಿಕಲರಿಗೇ ತಲುಪುವಂತೆ ಒತ್ತಾಯಿಸುವುದು ಅವರ ದಿನನಿತ್ಯದ ಕೆಲಸ. ಸಿಗುವ ಗೌರವಧನ ಅಲ್ಪ, ನೌಕರಿ ಕಾಯಮಲ್ಲ. ಆದರೂ ಕಾಗದದ ಮೇಲಿನ ಹಕ್ಕನ್ನು ಮನೆ ಬಾಗಿಲಿಗೆ ತರುತ್ತಿರುವವರು ಇವರು.

ಇನ್ನು ತೆರಿಗೆದಾರರ ಮಾತು. ಆದಾಯ ತೆರಿಗೆ ಕಟ್ಟುವವರು ಮಾತ್ರ ತೆರಿಗೆದಾರರು ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಅದು ತಪ್ಪು. 800 ರೂಪಾಯಿ ಮಾಸಾಶನದಲ್ಲಿ ಸೋಪು, ಬಿಸ್ಕತ್ತು, ಮೊಬೈಲ್ ರೀಚಾರ್ಜ್ ಕೊಳ್ಳುವವರೂ ಜಿಎಸ್‌ಟಿ ಕಟ್ಟುತ್ತಾರೆ. 2017ರಲ್ಲಿ ಆ ತೆರಿಗೆ ಜಾರಿಯಾದಾಗ ಗಾಲಿಕುರ್ಚಿಗೂ ಶೇ 5 ಬಿದ್ದಿತ್ತು. ನಡೆಯಲು ತೆರಿಗೆ ಕಟ್ಟಬೇಕೆ ಎಂದು ಅಂಗವಿಕಲರ ಸಂಘಟನೆಗಳು ಆಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಬೊಕ್ಕಸದ ನೆರವು ಮಾಸಾಶನದ ರೂಪದಲ್ಲಷ್ಟೇ ಹೋಗುವುದಿಲ್ಲ ಎಂಬುದೂ ಗಮನಕ್ಕೆ ಬರಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, 80ಯು ಸೆಕ್ಷನ್ ಪ್ರಕಾರ ಅಂಗವಿಕಲ ತೆರಿಗೆದಾರರಿಗೆ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1.25 ಲಕ್ಷ ರೂಪಾಯಿ ಕಡಿತ ಸಿಗುತ್ತದೆ. ಶೇ 30ರ ಹಂತದಲ್ಲಿರುವವರಿಗೆ 1.25 ಲಕ್ಷದ ಕಡಿತದಿಂದ ವರ್ಷಕ್ಕೆ 37,500 ರೂಪಾಯಿ ಉಳಿಯುತ್ತದೆ. ಕೇಂದ್ರ ಕೊಡುವ ಮಾಸಾಶನ ವರ್ಷಕ್ಕೆ 3,600. ಕಡಿತ ಪಡೆಯುವವರಿಗೂ ಹೆಚ್ಚಿನ ಖರ್ಚು ಇದ್ದೇ ಇರುವುದರಿಂದ ಅವರ ಸೌಲಭ್ಯವನ್ನು ಆಕ್ಷೇಪಿಸುವಂತಿಲ್ಲ. ಆದರೆ ಒಂದೇ ಬೊಕ್ಕಸ ಉಳ್ಳವರಿಗೆ ಹತ್ತು ಪಟ್ಟು ಬಿಟ್ಟುಕೊಟ್ಟಾಗ ಏಳದ ಪ್ರಶ್ನೆ, ಬಡವರ 300 ರೂಪಾಯಿಯ ವಿಷಯದಲ್ಲಿ ಮಾತ್ರ ಏಳುವುದು ಅನ್ಯಾಯ.

ಹಣ ವ್ಯರ್ಥವಾಗುತ್ತದೆ ಎಂಬ ಆಕ್ಷೇಪಕ್ಕೆ ಪೋಲಿಯೊ ಉತ್ತರವಾಗಬಲ್ಲದು. ಮನೆಮನೆಗೆ ಲಸಿಕೆ ತಲುಪಿಸಿದ ಅಭಿಯಾನದ ಬಹುಭಾಗ ಖರ್ಚನ್ನು ಭರಿಸಿದ್ದು ಸರ್ಕಾರವೇ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಪ್ರಮಾಣಪತ್ರ ಬಂತು. ಆ ಲಸಿಕೆ ತಮ್ಮ ಬಾಲ್ಯದಲ್ಲಿ ತಲುಪದೆ ಹೋದ ಒಂದು ಪೀಳಿಗೆ ಈಗ ನಲವತ್ತು, ಐವತ್ತರ ಆಸುಪಾಸಿನಲ್ಲಿದೆ. ಮುಂದಿನ ಮಕ್ಕಳನ್ನು ಉಳಿಸಲು ಖರ್ಚು ಮಾಡಿದ ಸರ್ಕಾರಕ್ಕೆ, ತಾನು ಸಕಾಲಕ್ಕೆ ತಲುಪದ ಈ ಪೀಳಿಗೆಯ ಹೊಣೆಯೂ ಇದೆ.

ಉಳಿದಿರುವುದು ಮೊತ್ತವನ್ನು ಬೆಲೆಯೇರಿಕೆಗೆ ಜೋಡಿಸುವ ಕೆಲಸ. ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುತ್ತದೆ. ಕೇಂದ್ರದ ಅಂಗವಿಕಲರ ಪಿಂಚಣಿಗೆ ಅಂಥ ಸೂತ್ರವಿಲ್ಲ. ಮೊತ್ತ ಹೆಚ್ಚಿಸಬೇಕೆಂದು ಗ್ರಾಮೀಣಾಭಿವೃದ್ಧಿ ಕುರಿತ ಸಂಸದೀಯ ಸ್ಥಾಯಿ ಸಮಿತಿ ಮತ್ತೆ ಮತ್ತೆ ಶಿಫಾರಸು ಮಾಡಿದೆ. ರಾಜ್ಯಗಳ ಪೈಕಿ ರಾಜಸ್ಥಾನ 2023ರಲ್ಲಿ ಕನಿಷ್ಠ ಖಾತರಿ ಆದಾಯ ಕಾಯ್ದೆಯನ್ನು ತಂದು, ಅಂಗವಿಕಲರೂ ಸೇರಿದಂತೆ ಸಾಮಾಜಿಕ ಭದ್ರತಾ ಮಾಸಾಶನ ಪಡೆಯುವವರ ಮೊತ್ತ ಪ್ರತಿ ವರ್ಷ ಶೇ 15ರಷ್ಟು ತಾನಾಗಿ ಏರಬೇಕೆಂದು ಕಾನೂನಿನಲ್ಲೇ ಬರೆಯಿತು. ಆ ಏರಿಕೆ ಎರಡು ಕಂತಿನಲ್ಲಿ, ಜುಲೈನಲ್ಲಿ ಶೇ 5 ಮತ್ತು ಜನವರಿಯಲ್ಲಿ ಶೇ 10.