ಬುದ್ಧಿಹಲ್ಲಿನ ಬಿಲ್ಲು ಓದುವ ಬಗೆ

ಬುದ್ಧಿಹಲ್ಲು ಕೀಳಿಸಲು ಎಷ್ಟಾಗುತ್ತದೆ ಎಂದು ಬೆಂಗಳೂರಿನ ಒಂದೇ ಬಡಾವಣೆಯ ಮೂರು ಕಡೆ ವಿಚಾರಿಸಿದರೆ ಮೂರು ತರಹದ ಉತ್ತರ ಸಿಗುವುದು ಮಾಮೂಲು. ಚಿಕ್ಕ ಕ್ಲಿನಿಕ್ಕಿನಲ್ಲಿ 1,500 ರೂಪಾಯಿ ಎನ್ನುತ್ತಾರೆ, ಪಕ್ಕದ ಬೀದಿಯಲ್ಲಿ 6,000 ಎನ್ನುತ್ತಾರೆ, ದೊಡ್ಡ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋದರೆ ಮಾತು 15,000ದ ಹತ್ತಿರ ಬಂದು ನಿಲ್ಲುತ್ತದೆ. ಹಲ್ಲು ಒಂದೇ, ಊರು ಒಂದೇ, ದರ ಮಾತ್ರ ಹತ್ತು ಪಟ್ಟು ಎಂದಾಗ ಯಾರೋ ಸುಲಿಗೆ ಮಾಡುತ್ತಿದ್ದಾರೆ ಎಂಬ ಗುಮಾನಿ ಹುಟ್ಟುವುದು ಸಹಜ. ಕೆಲವೊಮ್ಮೆ ಆ ಗುಮಾನಿ ನಿಜವೂ ಆಗಿರುತ್ತದೆ. ಆದರೆ ಈ ಮೂರು ಕಡೆಯವರೂ ಒಂದೇ ಕೆಲಸದ ದರ ಹೇಳಿದರೇ ಎಂಬುದನ್ನು ಮೊದಲು ನೋಡಬೇಕು. ಬುದ್ಧಿಹಲ್ಲಿನ ಖರ್ಚು ನಿರ್ಧಾರವಾಗುವುದು ಆ ಹಲ್ಲು ದವಡೆಯೊಳಗೆ ಹೇಗೆ ಕೂತಿದೆ ಎಂಬುದರ ಮೇಲೆ. ಅದು ಕಾಣುವುದು ಎಕ್ಸ್‌ರೇಯಲ್ಲಿ. ಹಾಗಾಗಿ ಎಕ್ಸ್‌ರೇ ನೋಡುವ ಮುಂಚೆ ಹೇಳಿದ ದರ ಅಗ್ಗವಾಗಿರಲಿ ದುಬಾರಿಯಾಗಿರಲಿ, ಅದಕ್ಕೆ ಅರ್ಥವಿಲ್ಲ. ಎಕ್ಸ್‌ರೇ ಮುಂದಿಟ್ಟುಕೊಂಡು ಕಾರಣ ಹೇಳಲಾಗದ ದರವನ್ನು ರೋಗಿ ಒಪ್ಪಬೇಕಾಗಿಯೂ ಇಲ್ಲ.

ಸಾಲಿನ ಕಟ್ಟಕಡೆಗೆ ಬರುವ ಈ ಮೂರನೆಯ ದವಡೆಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಉಳಿದ 28 ಹಲ್ಲುಗಳು ತಮ್ಮ ತಮ್ಮ ಜಾಗ ಹಿಡಿದಾಗಿರುತ್ತದೆ. ದವಡೆಯಲ್ಲಿ ಇನ್ನೂ ಜಾಗ ಉಳಿದಿದ್ದವರಿಗೆ ಅದು ನೆಟ್ಟಗೆ ಬಂದು ಉಳಿದ ಹಲ್ಲಿನ ಹಾಗೆಯೇ ಇದ್ದುಬಿಡುತ್ತದೆ. ಜಾಗವಿಲ್ಲದಿದ್ದರೆ ಮುಂದಿನ ಹಲ್ಲಿನ ಕಡೆಗೆ ವಾಲುತ್ತದೆ, ಮೂಳೆಯೊಳಗೇ ಅಡ್ಡ ಮಲಗುತ್ತದೆ, ಇಲ್ಲವೇ ಅರ್ಧ ತಲೆ ಎತ್ತಿ ವಸಡಿನಡಿ ಸಿಕ್ಕಿಕೊಳ್ಳುತ್ತದೆ. ಕೆಳದವಡೆಯಲ್ಲಿ ಹಿಂದಕ್ಕೆ ಓರೆಯಾಗಿ ದವಡೆಯ ಮೂಲೆಯ ಮೂಳೆಯಡಿ ಸೇರಿಕೊಂಡ ಹಲ್ಲು ಎಲ್ಲಕ್ಕಿಂತ ಹಟಮಾರಿ ಎನ್ನುವುದು ಶಸ್ತ್ರವೈದ್ಯರ ಅನುಭವ. ಈ ಓರೆಗಳನ್ನು ಅಮೆರಿಕದ ಜಾರ್ಜ್ ವಿಂಟರ್ 1926ರಲ್ಲೇ ವರ್ಗ ಮಾಡಿಟ್ಟರು. 1933ರಲ್ಲಿ ಪೆಲ್ ಮತ್ತು ಗ್ರೆಗರಿ ಎಂಬಿಬ್ಬರು ಹಲ್ಲು ಎಷ್ಟು ಆಳದಲ್ಲಿದೆ, ಹೊರಬರಲು ಎಷ್ಟು ಜಾಗವಿದೆ ಎಂಬ ಲೆಕ್ಕವನ್ನು ಸೇರಿಸಿದರು. ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಇವನ್ನೇ ಕಲಿಯುತ್ತಾರೆ. ಅಂದರೆ ಯಾವ ಹಲ್ಲು ಸುಲಭ, ಯಾವುದು ಕಷ್ಟ ಎಂಬುದು ವೈದ್ಯರ ಮನಸ್ಸಿಗೆ ಬಂದಂತೆ ಹೇಳುವ ಮಾತಲ್ಲ. ಅದಕ್ಕೆ ನೂರು ವರ್ಷದ ಅಳತೆಗೋಲು ಇದೆ. ಮಳೆ ಬಿದ್ದ ಹೊಲದಲ್ಲಿ ಸಸಿ ಕೀಳುವುದಕ್ಕೂ ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಸಸಿ ಕೀಳುವುದಕ್ಕೂ ಒಂದೇ ಕೂಲಿ ಕೊಡಲು ಆಗುವುದಿಲ್ಲವಷ್ಟೇ.

ನೆಟ್ಟಗೆ ಬಂದ ಮೇಲ್ದವಡೆಯ ಬುದ್ಧಿಹಲ್ಲನ್ನು ನುರಿತ ಕೈ ಇಕ್ಕಳ ಹಾಕಿ ಕೆಲವೇ ನಿಮಿಷಗಳಲ್ಲಿ ತೆಗೆಯಬಲ್ಲದು. ಕೆಳಗೆ ಅಡ್ಡ ಮಲಗಿದ ಹಲ್ಲಿನ ಕಥೆ ಬೇರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡನ್ನು ಕುಯ್ದು ಬದಿಗೆ ಸರಿಸಬೇಕು. ಹಲ್ಲಿನ ಮೇಲೆ ಮುಚ್ಚಿಕೊಂಡ ಮೂಳೆಯನ್ನು ಸಣ್ಣ ಡ್ರಿಲ್‌ನಿಂದ ಸುತ್ತಲೂ ಕಾಲುವೆಯಂತೆ ಕೊರೆಯಬೇಕು. ಡ್ರಿಲ್ಲಿನ ಬಿಸಿಗೆ ಮೂಳೆ ಸಾಯದಿರಲೆಂದು ಸಲೈನ್ ನೀರನ್ನು ಬಿಡುತ್ತಲೇ ಇರಬೇಕು. ಇಷ್ಟಾದರೂ ಹಲ್ಲು ಇಡಿಯಾಗಿ ಬರುವುದಿಲ್ಲ, ಮುಂದಿನ ಹಲ್ಲು ಅಡ್ಡ ನಿಂತಿರುತ್ತದೆ. ಆಗ ಅದನ್ನು ಒಳಗೇ ತುಂಡರಿಸಿ ಮೊದಲು ತಲೆ, ಆಮೇಲೆ ಒಂದೊಂದೇ ಬೇರು ಎಂದು ಹೊರಗೆ ತೆಗೆಯುತ್ತಾರೆ. ಕುಳಿ ತೊಳೆದು ಹೊಲಿಗೆ ಹಾಕುವಷ್ಟರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದಿರುತ್ತದೆ. ಕೆಳದವಡೆಯ ಮೂಳೆಯೊಳಗೆ ತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ಕೊಡುವ ನರವೊಂದು ಕೊಳವೆಯಲ್ಲಿ ಹಾದುಹೋಗುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಆ ಕೊಳವೆಯನ್ನೇ ತಾಗಿಕೊಂಡಿರುತ್ತದೆ. ಆ ನರಕ್ಕೆ ಪೆಟ್ಟಾದರೆ ಕೆಳತುಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತದೆ. ಬಹಳ ಮಂದಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಇಂಥ ಕಡೆ ಹಲ್ಲಿನ ತಲೆಯಷ್ಟನ್ನೇ ಕತ್ತರಿಸಿ ಬೇರನ್ನು ಬೇಕೆಂದೇ ಬಿಟ್ಟುಬಿಡುವ ಕ್ರಮವೂ ಇದೆ.

ಈ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದರಿಂದಲೂ ದರ ಏರುತ್ತದೆ. ಬಿಡಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಓದು. ಅದರ ಮೇಲೆ ಮೂರು ವರ್ಷ ಎಂಡಿಎಸ್ ಮಾಡಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯನ್ನೇ ಕಲಿತವರು ಓರಲ್ ಸರ್ಜನ್. ಚಿಕ್ಕ ಕ್ಲಿನಿಕ್‌ಗಳಲ್ಲಿ ಸರ್ಜನ್ ಕಾಯಂ ಇರುವುದಿಲ್ಲ. ಕಷ್ಟದ ಹಲ್ಲು ಬಂದಾಗ ಅವರನ್ನು ಒಂದು ದಿನ ಗೊತ್ತು ಮಾಡಿ ಕರೆಸುತ್ತಾರೆ, ರೋಗಿ ಕೊಡುವ ಹಣದಲ್ಲಿ ಒಳ್ಳೆಯ ಪಾಲು ಅವರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಕ್ಲಿನಿಕ್ಕಿನ ಬಾಡಿಗೆ, ಸಹಾಯಕರ ಸಂಬಳ, ಉಪಕರಣ ಶುದ್ಧಿಯ ಖರ್ಚು ನಡೆಯಬೇಕು. ಜಯನಗರದಲ್ಲಿ 6,000 ಆಗುವ ಕೆಲಸ ತಿಪಟೂರಿನಲ್ಲಿ 3,500ಕ್ಕೆ ಮುಗಿದರೆ ವ್ಯತ್ಯಾಸದ ಒಂದು ಭಾಗ ಹಲ್ಲಿನದಲ್ಲ, ಬಾಡಿಗೆಯದು. ಬಿಡಿಎಸ್ ಮಾಡಿದ ಅನುಭವಿ ವೈದ್ಯರು ಕಷ್ಟದ ಹಲ್ಲನ್ನೂ ಚೆನ್ನಾಗಿ ತೆಗೆಯುವುದುಂಟು, ಕಾನೂನು ಅದನ್ನು ತಡೆಯುವುದೂ ಇಲ್ಲ. ಆದರೆ ಬೇರು ನರದ ಹತ್ತಿರವಿದೆ ಎಂದು ಎಕ್ಸ್‌ರೇ ಹೇಳಿದ ಮೇಲೆ ಸರ್ಜನ್ನಿನ ಪಾಲನ್ನು ಉಳಿಸಲು ಹೋಗುವುದು ಜಾಣತನವಲ್ಲ.

ಬಿಲ್ಲಿನ ಉಳಿದ ಸಾಲುಗಳಿಗೆ ಬರೋಣ. ತಲೆಯ ಸುತ್ತ ಯಂತ್ರ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇಗೆ ಓಪಿಜಿ ಎನ್ನುತ್ತಾರೆ. ಇದಕ್ಕೆ ಕೆಲವು ನೂರು ರೂಪಾಯಿ; ಇದು ಬೇಕೇ ಬೇಕು. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನಿಗೆ ಅದರ ಹಲವು ಪಟ್ಟು ಹಣವೂ ಹೆಚ್ಚಿನ ವಿಕಿರಣವೂ ಆಗುತ್ತದೆ. ಓಪಿಜಿಯಲ್ಲಿ ಬೇರು ಮತ್ತು ನರದ ಕೊಳವೆ ಒಂದರ ಮೇಲೊಂದು ಬಿದ್ದಂತೆ ಕಂಡಾಗ ಮಾತ್ರ ಅದಕ್ಕೆ ಕಾರಣವಿದೆ, ಬಂದವರಿಗೆಲ್ಲ ಬರೆಯುವ ಪರೀಕ್ಷೆ ಅದಲ್ಲ. ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಕುಳಿಗೆ ತುಂಬುವ ಪಿಆರ್‌ಎಫ್, ಲೇಸರ್, ಮೂಳೆಪುಡಿ ಇವೆಲ್ಲ ಇತ್ತೀಚೆಗೆ ಪ್ಯಾಕೇಜ್ ಹೆಸರಿನಲ್ಲಿ ಬಿಲ್ಲಿಗೆ ಸೇರಿಕೊಳ್ಳುತ್ತಿವೆ. ಆರೋಗ್ಯವಂತ ಯುವಕನ ಸಾಧಾರಣ ಹಲ್ಲಿಗೆ ಇವು ಯಾಕೆ ಬೇಕು ಎಂದು ಕೇಳುವುದು ತಪ್ಪಲ್ಲ. ಔಷಧಿಯ ಖರ್ಚಂತೂ ಹೆದರಬೇಕಾದಷ್ಟಿಲ್ಲ. ನೋವಿನ ಮಾತ್ರೆಗಳನ್ನು ಪರೀಕ್ಷಿಸುವ ವಿಜ್ಞಾನಿಗಳಿಗೆ ಬುದ್ಧಿಹಲ್ಲು ಕೀಳಿಸಿಕೊಂಡವರೇ ದಶಕಗಳಿಂದ ನೆಚ್ಚಿನ ಪ್ರಯೋಗಾರ್ಥಿಗಳು. ಆರೋಗ್ಯವಂತರಿಗೆ ಗೊತ್ತಾದ ಹೊತ್ತಿಗೆ ಗೊತ್ತಾದ ಜಾಗದಲ್ಲಿ ನೋವು ಬರುವುದು ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲವಲ್ಲ! ಈ ನೋವಿಗೆ ಪ್ಯಾರಸಿಟಮಾಲ್‌ಗಿಂತ ಐಬುಪ್ರೊಫೆನ್ ಹೆಚ್ಚು ಪರಿಣಾಮಕಾರಿ ಎಂದು, ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಹೇಳಿತು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು. ಜನೌಷಧಿ ಮಳಿಗೆಯಲ್ಲಿ ಐಬುಪ್ರೊಫೆನ್ ತೀರ ಅಗ್ಗ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಕ್ಸ್‌ರೇ ಓದುವವರೂ ವೈದ್ಯರೇ, ದರ ಹೇಳುವವರೂ ವೈದ್ಯರೇ. ಹಲ್ಲು ಬಹಳ ಕಷ್ಟದ್ದು ಎಂದು ಅವರು ಹೇಳಿಬಿಟ್ಟರೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನು ಏನು ಮಾಡಬೇಕು? ಆಕ್ಷೇಪ ಸರಿಯಾದದ್ದೇ. ಆದರೆ ಉಳಿದ ಎಷ್ಟೋ ಕಾಯಿಲೆಗಳಿಗೆ ಹೋಲಿಸಿದರೆ ಬುದ್ಧಿಹಲ್ಲಿನಲ್ಲಿ ರೋಗಿಯ ಕೈ ಸ್ವಲ್ಪ ಮೇಲೇ ಇದೆ. ಓಪಿಜಿ ಚಿತ್ರವನ್ನು ಬೆಳಕಿಗೆ ಹಿಡಿದರೆ ಹಲ್ಲು ನಿಂತಿದೆಯೋ ಮಲಗಿದೆಯೋ ಎಂಬುದು ಯಾರಿಗಾದರೂ ಕಾಣುತ್ತದೆ. ಅದರ ಬೇರಿನ ಕೆಳಗೆ ಎರಡು ತೆಳು ಬಿಳಿ ಗೆರೆಗಳ ನಡುವೆ ಹರಿಯುವ ಕಪ್ಪು ಪಟ್ಟಿಯೇ ನರದ ಹಾದಿ. ಇದನ್ನು ತೋರಿಸಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಸಂತೋಷದಿಂದಲೇ ತೋರಿಸುತ್ತಾರೆ. ನೋವು ತಡೆಯಲಾಗದಂಥ ಕೀವು, ಬಾಯಿ ತೆರೆಯಲಾಗದ ಬಾವು ಇಲ್ಲದಿದ್ದರೆ ಈ ಶಸ್ತ್ರಚಿಕಿತ್ಸೆಗೆ ಇವತ್ತೇ ಆಗಬೇಕೆಂಬ ಅವಸರವೂ ಇಲ್ಲ; ಅದೇ ಎಕ್ಸ್‌ರೇ ಹಿಡಿದು ಇನ್ನೊಬ್ಬರನ್ನು ಕೇಳಲು ಸಮಯವಿರುತ್ತದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಖಾಸಗಿ ಸಂಸ್ಥೆಗಳು ತಮ್ಮ ದರಪಟ್ಟಿಯನ್ನು ರೋಗಿಗಳಿಗೆ ತಿಳಿಯುವಂತೆ ಇಡಬೇಕು ಎನ್ನುತ್ತದೆ ಅದು. ಎಲ್ಲ ಖಾಸಗಿ ದರಗಳನ್ನೂ ಸರ್ಕಾರವೇ ನಿಗದಿ ಮಾಡುವ ಪ್ರಸ್ತಾವ 2017ರ ನವೆಂಬರಿನ ವೈದ್ಯರ ಮುಷ್ಕರದ ನಂತರ ಸಡಿಲವಾಯಿತು. ಹಾಗಾಗಿ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಗೆರೆ ಖಾಸಗಿ ಕ್ಲಿನಿಕ್ಕಿಗೆ ಇಲ್ಲ, ಮೊದಲೇ ತಿಳಿಸಬೇಕು ಎಂಬ ಗೆರೆ ಇದೆ.

ದರಕ್ಕಿಂತ ಮುಂಚಿನ ಪ್ರಶ್ನೆಯೊಂದು ಉಂಟು: ಆ ಹಲ್ಲನ್ನು ಕೀಳಲೇಬೇಕೆ? ಕೀಳದ ಹಲ್ಲಿಗಿಂತ ಅಗ್ಗವಾದದ್ದು ಯಾವುದೂ ಇಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2000ದಲ್ಲಿ ತನ್ನ ಮೊದಲ ಚಿಕಿತ್ಸಾ ಮಾರ್ಗಸೂಚಿಯನ್ನು ಹೊರಡಿಸಿದ್ದೇ ಈ ವಿಷಯದ ಮೇಲೆ. ರೋಗವಿಲ್ಲದ ಬುದ್ಧಿಹಲ್ಲನ್ನು ಮುಂದೆ ತೊಂದರೆ ಕೊಟ್ಟೀತು ಎಂಬ ಕಾರಣಕ್ಕೆ ಕೀಳಬಾರದು ಎಂದಿತು. ಅಮೆರಿಕದಲ್ಲಿ ಜೇ ಫ್ರೀಡ್‌ಮನ್ ಎಂಬ ದಂತವೈದ್ಯರು 2007ರಲ್ಲಿ ಹೀಗೆ ಮುಂಚಿತವಾಗಿ ಕೀಳುವುದು ಸಾರ್ವಜನಿಕ ಆರೋಗ್ಯಕ್ಕೇ ಹಾನಿ ಎಂದು ಬರೆದು ಗದ್ದಲ ಎಬ್ಬಿಸಿದರು. ಇದಕ್ಕೆ ಎದುರು ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಶಸ್ತ್ರವೈದ್ಯರೇ ಕೆಲವು ವರ್ಷಗಳ ನಂತರ, ರೋಗಿಗಳು ಈಗ ತಡವಾಗಿ ಬರುತ್ತಿದ್ದಾರೆ, ಅಷ್ಟರಲ್ಲಿ ಪಕ್ಕದ ಒಳ್ಳೆಯ ದವಡೆಹಲ್ಲು ಹುಳುಕಾಗಿರುತ್ತದೆ ಎಂದು ತೋರಿಸಿದರು. ವಯಸ್ಸಾದಂತೆ ಮೂಳೆ ಗಟ್ಟಿಯಾಗುತ್ತದೆ, ಬೇರು ಪೂರ್ತಿ ಬೆಳೆದಿರುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. 22ರಲ್ಲಿ ಸುಲಭವಾಗಬಹುದಾಗಿದ್ದದ್ದು 45ರಲ್ಲಿ ಕಷ್ಟವೂ ದುಬಾರಿಯೂ ಆಗುತ್ತದೆ. ಎರಡೂ ಕಡೆಯ ಅಧ್ಯಯನಗಳನ್ನು ತೂಗಿದ ಕಾಕ್ರೇನ್ ಪರಾಮರ್ಶೆಗಳು ಖಚಿತ ತೀರ್ಪಿಗೆ ಸಾಕ್ಷ್ಯ ಸಾಲದು ಎಂದಿವೆ. ಹೀಗಿರುವಾಗ ಹೆಚ್ಚು ಸಮಂಜಸವೆನಿಸುವುದು ಇದು: ವಸಡು ಪದೇಪದೇ ಬಾತು ಕೀವಾಗುವುದು, ಸರಿಪಡಿಸಲಾಗದ ಹುಳುಕು, ಗಂಟು, ಪಕ್ಕದ ಹಲ್ಲಿಗೆ ಹಾನಿ ಇವುಗಳಲ್ಲಿ ಒಂದಿದ್ದರೂ ಮುಂದೂಡಬಾರದು. ಏನೂ ಇಲ್ಲದಿದ್ದರೆ ಆಗಾಗ ತೋರಿಸಿಕೊಂಡು ಕಾಯಬಹುದು. ನೋವು ಕೊಟ್ಟ ಒಂದು ಹಲ್ಲಿಗಾಗಿ ಹೋದವರಿಗೆ ನಾಲ್ಕನ್ನೂ ಒಟ್ಟಿಗೆ ತೆಗೆಸಿದರೆ ರಿಯಾಯಿತಿ ಎಂದು ಯಾರಾದರೂ ಹೇಳಿದರೆ, ಉಳಿದ ಮೂರರಲ್ಲಿ ಏನು ಕೆಟ್ಟಿದೆ ಎಂದು ಎಕ್ಸ್‌ರೇಯಲ್ಲಿ ತೋರಿಸಿಕೊಳ್ಳಬೇಕು.

ಅಷ್ಟು ಹಣವಿಲ್ಲದವರಿಗೆ ದಾರಿಯಿದೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣಕ್ಕೆ ಸೇರಿದಂತೆ ಸರ್ಕಾರಿ ದಂತವೈದ್ಯ ಕಾಲೇಜಿದೆ. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಮಣಿಪಾಲದ ಖಾಸಗಿ ದಂತ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್ಕಿಗಿಂತ ಬಹಳ ಕಡಿಮೆಗೆ ಕೆಲಸವಾಗುತ್ತದೆ. ವಿದ್ಯಾರ್ಥಿಗಳ ಕೈಗೆ ಬಾಯಿ ಕೊಡುವುದೇ ಎಂದು ಹಿಂಜರಿಯುವವರು ಬಹಳ. ಆದರೆ ಕಷ್ಟದ ಬುದ್ಧಿಹಲ್ಲು ಅಲ್ಲಿ ಹೋಗುವುದು ಎಂಡಿಎಸ್ ಓದುತ್ತಿರುವ ದಂತವೈದ್ಯರ ಕೈಗೆ, ಅದೂ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ. ಒಂದು ಖಾಸಗಿ ಕ್ಲಿನಿಕ್ ತಿಂಗಳಲ್ಲಿ ನೋಡುವಷ್ಟು ಬುದ್ಧಿಹಲ್ಲುಗಳನ್ನು ಆ ವಿಭಾಗಗಳು ವಾರದೊಳಗೆ ನೋಡಿದರೆ ಆಶ್ಚರ್ಯವಿಲ್ಲ. ಅಲ್ಲಿ ನಿಜವಾಗಿ ಕೊಡಬೇಕಾದದ್ದು ಸಮಯ. ಚೀಟಿ ಮಾಡಿಸಲು ಒಂದು ದಿನ, ಶಸ್ತ್ರಚಿಕಿತ್ಸೆಗೆ ಒಂದು ದಿನ, ವಾರದ ನಂತರ ಹೊಲಿಗೆ ಬಿಚ್ಚಿಸಲು ಇನ್ನೊಂದು. ದಿನಗೂಲಿಯವರಿಗೆ ಮೂರು ದಿನದ ಕೂಲಿಯೂ ಬಸ್ ಚಾರ್ಜೂ ಸೇರಿದರೆ ಪುಕ್ಕಟೆ ಚಿಕಿತ್ಸೆಯೂ ಪುಕ್ಕಟೆಯಾಗಿ ಉಳಿಯುವುದಿಲ್ಲ. ಊರಿನ ಕ್ಲಿನಿಕ್ಕಿನ 3,000ವೇ ವಾಸಿ ಎನ್ನುವವರ ಲೆಕ್ಕ ತಪ್ಪಲ್ಲ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ಮೊದಲು ಅಲ್ಲಿ ವಿಚಾರಿಸಬೇಕು. ಕಲಬುರಗಿಯಲ್ಲಿ ಇಎಸ್‌ಐ ನಿಗಮದ್ದೇ ದಂತವೈದ್ಯ ಕಾಲೇಜಿದೆ.

ಆರೋಗ್ಯ ವಿಮೆಯನ್ನು ನಂಬಿ ಕೂರುವುದು ಮಾತ್ರ ಬೇಡ. ನಮ್ಮಲ್ಲಿನ ಬಹುತೇಕ ಪಾಲಿಸಿಗಳು ಹೊರರೋಗಿಯಾಗಿ ಪಡೆದ ದಂತಚಿಕಿತ್ಸೆಯನ್ನು ಹೊರಗಿಡುತ್ತವೆ, ಅಪಘಾತದಲ್ಲಿ ಹಲ್ಲಿಗೆ ಏಟಾದರೆ ಮಾತು ಬೇರೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಬಗೆಯ ಲೆಕ್ಕ. ಅಲ್ಲಿ ವಸಡಿನಡಿಯ ಹಲ್ಲು, ಅರ್ಧ ಮೂಳೆಯೊಳಗಿನದು, ಪೂರ್ತಿ ಮೂಳೆಯೊಳಗಿನದು ಎಂದು ಬೇರೆ ಬೇರೆ ಸಂಕೇತ ಸಂಖ್ಯೆಗಳಿವೆ, ದರವೂ ಅದರಂತೆ ಏರುತ್ತದೆ. ದಂತ ವಿಮೆ ವರ್ಷಕ್ಕೆ ಸಾಮಾನ್ಯವಾಗಿ 1,000ದಿಂದ 2,000 ಡಾಲರಿಗೆ ನಿಂತುಬಿಡುವುದರಿಂದ ರಜೆಗೆ ಊರಿಗೆ ಬಂದಾಗ ಕೀಳಿಸಿಕೊಂಡು ಹೋಗುವವರಿದ್ದಾರೆ. ಅಂಥವರು ಬಂದ ವಾರವೇ ಮಾಡಿಸಿಕೊಳ್ಳಬೇಕು. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಮೂಳೆ ಬಯಲಾಗುವ ಡ್ರೈ ಸಾಕೆಟ್ ನೋವು ಮೂರ್ನಾಲ್ಕನೆಯ ದಿನ ಶುರುವಾಗುತ್ತದೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ವಿಮಾನ ಹತ್ತಿದ ಮೇಲೆ ಅದಕ್ಕೆ ಡ್ರೆಸ್ಸಿಂಗ್ ಮಾಡುವವರು ಸಿಗುವುದಿಲ್ಲ.

ಅಮೆರಿಕದ ಆ ಸಂಕೇತ ಪದ್ಧತಿಯ ದರ ನಮಗೆ ಬೇಡ, ಅದರ ಶಿಸ್ತು ಬೇಕು. ನಮ್ಮ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ‘ಹಲ್ಲು ಕಿತ್ತ ಬಾಬ್ತು’ ಎಂಬ ಒಂದೇ ಸಾಲು. ಯಾವ ಹಲ್ಲು, ಯಾವ ಓರೆ, ಮೂಳೆ ಕೊರೆದರೇ, ಹೊಲಿಗೆ ಎಷ್ಟು, ಮತ್ತೆ ತೋರಿಸಲು ಬಂದರೆ ಫೀಸು ಪ್ರತ್ಯೇಕವೇ, ಡ್ರೈ ಸಾಕೆಟ್ ಆದರೆ ಡ್ರೆಸ್ಸಿಂಗ್ ಇದೇ ಹಣದಲ್ಲಿ ಸೇರಿದೆಯೇ, ಇಷ್ಟನ್ನು ಇಂಜೆಕ್ಷನ್ ಕೊಡುವ ಮುಂಚೆಯೇ ಚೀಟಿಯಲ್ಲಿ ಬರೆಸಿಕೊಳ್ಳಿ. ಎಕ್ಸ್‌ರೇಗೆ ಹಣ ಕೊಟ್ಟವರು ನೀವು. ಅದರ ಪ್ರತಿಯನ್ನು ಕೇಳಿ ಪಡೆಯಿರಿ, ಮೊಬೈಲಿಗೆ ಕಳಿಸಿದರೂ ಸಾಕು. ಕೊಡುವುದಿಲ್ಲ ಎನ್ನುವ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಳ್ಳಬೇಡಿ.