ಹಸಿವಿನ ನೆಲೆ ಮತ್ತು ಜಠರದ ಶಸ್ತ್ರಚಿಕಿತ್ಸೆ

ನಮ್ಮ ಆಡುಮಾತು ಹಸಿವನ್ನು ಹೊಟ್ಟೆಯಲ್ಲಿಯೂ ಚಪಲವನ್ನು ನಾಲಗೆಯಲ್ಲಿಯೂ ಇರಿಸಿದೆ; ಇವೆರಡರಲ್ಲಿ ಒಂದನ್ನೂ ತಲೆಗೆ ಸೇರಿಸಿಲ್ಲ. ಬೇಕಾದುದಕ್ಕಿಂತ ಹೆಚ್ಚು ತಿನ್ನುವವನು ನಮಗೆ ಹೊಟ್ಟೆಬಾಕ. ಅವನಲ್ಲಿರುವುದು ಇಂದ್ರಿಯನಿಗ್ರಹದ ಕೊರತೆ. ಯೂರೋಪಿನ ಕ್ರೈಸ್ತ ಪರಂಪರೆಯೂ ಅತಿಭೋಜನವನ್ನು ಸಪ್ತ ಮಹಾಪಾಪಗಳಲ್ಲಿ ಒಂದೆಂದು ಗಣಿಸಿತ್ತು. ಹೀಗೆ ದೇಶದೇಶಗಳಲ್ಲಿ ಒಂದೇ ಬಗೆಯಾಗಿದ್ದ ಈ ತೀರ್ಪನ್ನು, ಸ್ಥೂಲಕಾಯರಿಗೆ ಮಾಡುವ ಜಠರದ ಶಸ್ತ್ರಚಿಕಿತ್ಸೆಯ ಇತಿಹಾಸವು ಸಂದೇಹಕ್ಕೆ ಗುರಿಮಾಡಿದೆ. ವೈದ್ಯಶಾಸ್ತ್ರದಲ್ಲಿ ನಾವು ಅಧಿಕಾರಿಗಳಲ್ಲ. ಒಂದು ವಿಚಾರವು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು ನೋಡುವುದಷ್ಟೇ ನಮ್ಮ ಉದ್ದೇಶ.

1912ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಮತ್ತು ಅವರ ಶಿಷ್ಯ ವಾಶ್‌ಬರ್ನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಶಿಷ್ಯನೇ ರಬ್ಬರಿನ ಬೆಲೂನೊಂದನ್ನು ನುಂಗಿದನು. ಅವನಿಗೆ ಹಸಿವಿನ ಸಂಕಟವಾದಾಗ ಜಠರವು ಸಂಕೋಚಗೊಳ್ಳುತ್ತಿದ್ದುದು ಕಂಡುಬಂದಿತು. ಹಸಿವೆಂದರೆ ಜಠರದ ಹಿಂಡುವಿಕೆಯೇ ಎಂಬ ಮತವು ಇದರಿಂದ ಬಲಗೊಂಡಿತು. ಆದರೆ ಜಠರವನ್ನು ಪೂರ್ಣವಾಗಿ ತೆಗೆದಿದ್ದ ರೋಗಿಯೊಬ್ಬರಿಗೂ ಹಸಿವಾಗುತ್ತಿದ್ದುದನ್ನು 1931ರಲ್ಲಿ ವಾಂಗೆನ್‌ಸ್ಟೀನ್ ಮತ್ತು ಕಾರ್ಲ್‌ಸನ್ ವರದಿಮಾಡಿದರು. ಇಲ್ಲದ ಜಠರ ಹಿಂಡುವುದೆಂತು? ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಭಾಗಕ್ಕೆ ಗಾಯಮಾಡಿದರೆ ಇಲಿಗಳು ಅತಿಯಾಗಿ ಕೊಬ್ಬುವುದನ್ನು 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್ ತೋರಿಸಿದರು. 1951ರಲ್ಲಿ, ಅದೇ ಭಾಗದ ಪಾರ್ಶ್ವಗಳಿಗೆ ಗಾಯವಾದರೆ ಪ್ರಾಣಿಯು ಆಹಾರವನ್ನೇ ತೊರೆಯುವುದೆಂದು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ಭಾರತೀಯರಾದ ಬಾಲಕೃಷ್ಣ ಆನಂದ್. ಇನ್ನೊಬ್ಬರು ಜಾನ್ ಬ್ರೋಬೆಕ್. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾ ಶಾಸ್ತ್ರದ ವಿಭಾಗವನ್ನು ಕಟ್ಟಿದವರು ಈ ಆನಂದರೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಶಸ್ತ್ರವೈದ್ಯರು ಮಾತ್ರ ಬೇರೊಂದು ದಾರಿಯಲ್ಲಿ ನಡೆದಿದ್ದರು. ಹುಣ್ಣಿನ ಕಾರಣದಿಂದ ಜಠರದ ಬಹುಭಾಗವನ್ನು ಕಳೆದುಕೊಂಡವರು ಮತ್ತೆ ಮೈತುಂಬಿಕೊಳ್ಳಲಾರರೆಂಬುದನ್ನು ಗಮನಿಸಿ, ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರದ ಬೈಪಾಸ್ ಕ್ರಮವನ್ನು ಆರಂಭಿಸಿದರು. ಜಠರದ ಮೇಲ್ತುದಿಯಲ್ಲಿ ಒಂದು ಕಿರುಚೀಲವನ್ನು ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು ಇದರ ಸಾರ. ಪಾತ್ರೆ ಕಿರಿದಾದರೆ ತುಂಬುವುದೂ ಕಡಿಮೆ ಎಂಬ ಸರಳ ತರ್ಕವೇ ಇಲ್ಲಿ ಮುಖ್ಯವಾಗಿತ್ತು.

ಆ ತರ್ಕವು ನಿಜವಾಗಿದ್ದರೆ, ಬೈಪಾಸ್ ಆದವರು ಸದಾ ಹಸಿದು ಕಂಗೆಡಬೇಕಾಗಿತ್ತು. ಹಾಗಾಗಲಿಲ್ಲ. ಅವರಲ್ಲಿ ಅನೇಕರು ತಮಗೆ ಹಸಿವೇ ತಗ್ಗಿದೆಯೆಂದೂ, ಸಿಹಿ ಮತ್ತು ಕರಿದ ತಿಂಡಿಗಳ ಮೇಲಣ ಆಸೆ ಅಡಗಿದೆಯೆಂದೂ ಹೇಳತೊಡಗಿದರು. ಇದರ ಒಂದು ಸುಳಿವು ಜಪಾನಿನಿಂದ ಬಂದಿತು. 1999ರಲ್ಲಿ ಕೊಜಿಮಾ, ಕಂಗಾವಾ ಮೊದಲಾದವರು ಜಠರದಲ್ಲಿ ಉತ್ಪನ್ನವಾಗುವ ಘ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ಇದು ರಕ್ತದ ಮೂಲಕ ಮಿದುಳನ್ನು ಮುಟ್ಟಿ ಹಸಿವನ್ನು ಕೆರಳಿಸುತ್ತದೆ. (ಬೆಳವಣಿಗೆ ಎಂಬ ಅರ್ಥದ ಪ್ರಾಚೀನ ಇಂಡೋ-ಯೂರೋಪಿಯನ್ ಧಾತುವಿನಿಂದ ಈ ಹೆಸರನ್ನು ಆರಿಸಿದರೆಂಬುದು ಭಾಷೇತಿಹಾಸದಲ್ಲಿ ಅಭಿರುಚಿಯುಳ್ಳವರಿಗೆ ಸಂತೋಷಕೊಡುವ ಸಂಗತಿ.) 2002ರಲ್ಲಿ ಕಮಿಂಗ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮಿತಾಹಾರದಿಂದ ತೂಕವಿಳಿಸಿಕೊಂಡವರ ರಕ್ತದಲ್ಲಿ ಘ್ರೆಲಿನ್ ಮೊದಲಿಗಿಂತ ಏರಿತ್ತು, ಬೈಪಾಸ್ ಆದವರಲ್ಲಿ ಬಹಳ ಕೆಳಗಿತ್ತು. ಬೈಪಾಸ್ ಆದವರನ್ನು ಕುರಿತ ಮುಂದಿನ ಅಳತೆಗಳೆಲ್ಲ ಇದಕ್ಕೆ ಹೊಂದಿಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಉಪವಾಸದಿಂದ ಇಳಿದವನನ್ನು ಅವನ ದೇಹವೇ ಮತ್ತೆ ಊಟದ ಕಡೆಗೆ ತಳ್ಳುತ್ತದೆಂಬ ಮೊದಲ ಮಾತು ನಿಂತಿದೆ. ಮೂರು ತಿಂಗಳು ಪಥ್ಯಮಾಡಿ ನಾಲ್ಕನೆಯ ತಿಂಗಳು ಸೋತವನನ್ನು ಹೀಯಾಳಿಸುವವರು ಇದನ್ನು ಗಮನಿಸುವುದು ಒಳ್ಳೆಯದು.

ಬೈಪಾಸಿನ ಬಳಿಕ ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ತಲಪುವುದರಿಂದ, ಊಟವಾದಾಗ ಜಿ.ಎಲ್.ಪಿ.-1 ಎಂಬ ತೃಪ್ತಿಸೂಚಕ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. 2014ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನವು, ಬೈಪಾಸ್ ಆದವರನ್ನೂ ಜಠರಕ್ಕೆ ಪಟ್ಟಿ ಬಿಗಿಸಿಕೊಂಡವರನ್ನೂ ಹೋಲಿಸಿತು. ಕೊಬ್ಬು ಸಕ್ಕರೆ ತುಂಬಿದ ತಿಂಡಿಗಳ ಚಿತ್ರಗಳನ್ನು ತೋರಿಸಿದಾಗ, ಮಿದುಳಿನ ಸುಖಾನುಭವದ ಭಾಗಗಳು ಮೊದಲಿನವರಲ್ಲಿ ಕಡಿಮೆ ಸ್ಪಂದಿಸಿದುವು. ಎರಡೂ ಗುಂಪಿನವರ ದೇಹದ ಗಾತ್ರ ಸುಮಾರು ಒಂದೇ ಆಗಿತ್ತಾದುದರಿಂದ, ವ್ಯತ್ಯಾಸಕ್ಕೆ ತೂಕವನ್ನು ಕಾರಣವೆನ್ನುವಂತಿಲ್ಲ. ಬದಲಾದುದು ಕರುಳು ಮಿದುಳಿಗೆ ಕಳುಹಿಸುವ ಸಂದೇಶವೆಂದು ಊಹಿಸಬೇಕಾಗುತ್ತದೆ.

ಇಷ್ಟರಿಂದ ಕತ್ತರಿಯು ಚಪಲವನ್ನು ಬೇರುಸಹಿತ ಕೀಳುತ್ತದೆಂದು ಭಾವಿಸಬಾರದು. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕವು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ಇಳಿದು, ಹತ್ತು ವರ್ಷಗಳ ಕೊನೆಗೆ ಶೇಕಡ 25ರಲ್ಲಿ ನಿಂತಿತ್ತು. ಬೈಪಾಸಿನ ಅನಂತರ ಮದ್ಯವು ರಕ್ತಕ್ಕೆ ಬೇಗನೆ ಏರುತ್ತದೆ. ಎರಡನೆಯ ವರ್ಷದಲ್ಲಿ ಮದ್ಯವ್ಯಸನದ ತೊಂದರೆ ಹೆಚ್ಚುವುದನ್ನು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಜಿ.ಎಲ್.ಪಿ.-1ರ ಕೆಲಸವನ್ನೇ ಅನುಕರಿಸುವ ಸೆಮಾಗ್ಲೂಟೈಡ್ ಎಂಬ ಔಷಧವನ್ನು ತೂಕವಿಳಿಸುವುದಕ್ಕಾಗಿ ಅಮೆರಿಕ ಸರ್ಕಾರವು 2021ರಲ್ಲಿ ಅಂಗೀಕರಿಸಿತು. ಚುಚ್ಚುಮದ್ದನ್ನು ನಿಲ್ಲಿಸಿದವರಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿತೆಂದು 2022ರಲ್ಲಿ ವರದಿಯಾಯಿತು.