ಉಡುವ ನಾಡು, ತೊಡುವ ನಾಡು

ಕನ್ನಡದಲ್ಲಿ ವಸ್ತ್ರಧಾರಣೆಗೆ ಒಂದೇ ಕ್ರಿಯಾಪದವಿಲ್ಲ. ಸೀರೆ ಧೋತರಗಳನ್ನು ಉಡುತ್ತೇವೆ, ಅಂಗಿ ಕುಪ್ಪಸಗಳನ್ನು ತೊಡುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ. ಈ ಭೇದವು ಬರಿಯ ಮಾತಿನ ಬೆಡಗಲ್ಲ. ಮಗ್ಗದಿಂದ ಇಳಿದ ಅರಿವೆಯು ಕತ್ತರಿಯ ಸೋಂಕಿಲ್ಲದೆ ಮೈಗೇರಿದರೆ ಅದು ಉಡಿಗೆ. ಕತ್ತರಿ ಸೂಜಿಗಳಿಂದ ಮೈಯ ಆಕಾರವನ್ನು ತಳೆದು ಬಂದರೆ ಅದು ತೊಡಿಗೆ. ಒಂದರಲ್ಲಿ ನೇಕಾರನು ಪ್ರಧಾನ, ಮತ್ತೊಂದರಲ್ಲಿ ಸಿಂಪಿಗನು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮ್ಮ ಸೀಮೆಯು ಬಹುಕಾಲದಿಂದ ಉಡುವ ಸೀಮೆ. ತೊಡುವ ವಿದ್ಯೆಯಲ್ಲಿ ಜಗತ್ಪ್ರಸಿದ್ಧವಾದ ನಾಡು ಫ್ರಾನ್ಸ್. ಆ ನಾಡಿನ ಉಡುಪಿನ ಚರಿತ್ರೆಯಲ್ಲಿ ನಮ್ಮ ಗೃಹಸ್ಥರು ತಿಳಿಯತಕ್ಕ ಒಂದು ಪಾಠವಿದೆಯೆಂದು ನಮಗೆ ತೋರುತ್ತದೆ.

1643ರಿಂದ 1715ರವರೆಗೆ ಆಳಿದ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ಫ್ರೆಂಚರ ಉಡುಪಿಗೆ ರಾಜಾಶ್ರಯ ದೊರೆಯಿತು. ಆತನ ಮಂತ್ರಿ ಕೊಲ್ಬೇರನು ದೇಶದ ಹಣವು ಹೊರಗೆ ಹೋಗಬಾರದೆಂದು ಲಿಯೋನ್ ಪಟ್ಟಣದ ರೇಶಿಮೆ ಮಗ್ಗಗಳಿಗೆ ಪ್ರೋತ್ಸಾಹವಿತ್ತನು. ಆಸ್ಥಾನಿಕರು ಋತುವಿಗೊಂದು ಹೊಸ ಉಡುಪು ತೊಡಬೇಕಾಯಿತು. ಅವರನ್ನು ನೋಡಿ ಯುರೋಪಿನ ಇತರ ಆಸ್ಥಾನಗಳೂ ತೊಟ್ಟವು. ಅದುವರೆಗೆ ಹೊಲಿಗೆಯ ಹಕ್ಕು ಗಂಡಸರಾದ ಸಿಂಪಿಗರ ಸಂಘದ್ದಾಗಿತ್ತು. 1675ರಲ್ಲಿ ಹೊಲಿಗೆಯ ಹೆಂಗಸರಿಗೂ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಲು ರಾಜಾಜ್ಞೆಯಾಯಿತು.

ಇಷ್ಟು ವೈಭವವಿದ್ದರೂ ಫ್ರೆಂಚರು ನಮ್ಮ ದೇಶದ ಅರಿವೆಗೆ ಮರುಳಾದರು. ಭಾರತದಿಂದ ಹೋದ ಬಣ್ಣದಚ್ಚಿನ ಹತ್ತಿಬಟ್ಟೆಗೆ ಎಷ್ಟು ಬೇಡಿಕೆ ಬಂದಿತೆಂದರೆ, ತಮ್ಮ ಮಗ್ಗಗಳು ನಿಂತಾವೆಂದು ಹೆದರಿ ಅಲ್ಲಿಯ ಸರಕಾರವು 1686ರಲ್ಲಿ ಅದನ್ನು ನಿಷೇಧಿಸಿತು. 1759ರವರೆಗೂ ಈ ನಿಷೇಧವಿದ್ದಿತು. ಜನರು ಕದ್ದು ಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. 1783ರಲ್ಲಿ ಮಾರೀ ಆಂತ್ವಾನೆತ್ ರಾಣಿಯ ಒಂದು ಚಿತ್ರವು ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದಾಗ, ಆಕೆಯು ರೇಶಿಮೆಯನ್ನು ಬಿಟ್ಟು ತೆಳುವಾದ ಬಿಳಿಯ ಮಲಮಲ್ಲಿನ ಸಾದಾ ಉಡುಪಿನಲ್ಲಿದ್ದಳೆಂಬ ಕಾರಣಕ್ಕೆ ದೊಡ್ಡ ಗುಲ್ಲೆದ್ದು ಆ ಚಿತ್ರವನ್ನೇ ತೆಗೆಯಬೇಕಾಯಿತು. ಪರದೇಶದ ಅರಿವೆಯ ಮೋಹವು ನಮಗೂ ಹೊಸದಲ್ಲ. ಕಾಲಿದಾಸನ ಶಾಕುಂತಲದಲ್ಲಿಯೇ ಚೀನಾಂಶುಕದ ಮಾತು ಬರುತ್ತದೆ.

ಆದರೆ ಈ ಥಳಕಿನ ಬೆನ್ನಿಗೆ ಇನ್ನೊಂದು ಕಥೆಯಿದೆ. 1804ರ ಸುಮಾರಿಗೆ ಲಿಯೋನಿನ ಜಾಕಾರ್ಡನು ರಂಧ್ರ ಕೊರೆದ ರಟ್ಟುಗಳ ಸಹಾಯದಿಂದ ಚಿತ್ರ ನೇಯುವ ಸಾಧನವನ್ನು ಸಿದ್ಧಪಡಿಸಿದನು. ಇಂದಿಗೂ ನಮ್ಮ ದೇಶದ ರೇಶಿಮೆ ಮಗ್ಗಗಳ ಮೇಲೆ ತೂಗುವ ರಟ್ಟುಗಳ ಸರ ಆತನ ಕೊಡುಗೆಯೇ. ಕೆಲಸವು ಸುಲಭವಾಯಿತು, ನೇಕಾರನ ಹೊಟ್ಟೆ ಮಾತ್ರ ತುಂಬಲಿಲ್ಲ. 1831ರಲ್ಲಿ ಅದೇ ಲಿಯೋನಿನ ನೇಕಾರರು ಕೂಲಿಗೆ ಒಂದು ಕನಿಷ್ಠ ದರವನ್ನು ಬೇಡಿ ದಂಗೆಯೆದ್ದರು. 1834ರಲ್ಲಿ ಮತ್ತೊಮ್ಮೆ ಎದ್ದರು. ಎರಡು ಸಲವೂ ಸೈನ್ಯವು ಬಂದು ಅವರನ್ನು ಅಡಗಿಸಿತು. 1858ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಉಡುಪಿನ ಮಳಿಗೆಯನ್ನು ತೆರೆದ ವರ್ತ್ ಎಂಬ ಆಂಗ್ಲೇಯನ ಹೆಸರು ಲೋಕಕ್ಕೆಲ್ಲ ಗೊತ್ತು. ಆತನಿಗೆ ರೇಶಿಮೆ ನೇಯ್ದುಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ.

ಇದು ಪಟ್ಟಣದ ಮಾತಾಯಿತು. ಫ್ರಾನ್ಸಿನ ಹಳ್ಳಿಗಳಲ್ಲಿ ಸೀಮೆಗೊಂದು ಉಡುಪಿದ್ದಿತು. ಪಶ್ಚಿಮ ಕಡಲಂಚಿನ ಬ್ರಿಟನಿ ಪ್ರಾಂತದ ಹೆಂಗಸರು ಬಿಳಿಯ ಕಸೂತಿಯ ತಲೆಯುಡುಪನ್ನು ಧರಿಸುತ್ತಿದ್ದರು. ಅದರ ಆಕಾರವನ್ನು ನೋಡಿಯೇ ಇವಳು ಯಾವ ಊರಿನವಳೆಂದು ಹೇಳಬಹುದಾಗಿತ್ತು. ಬಿಗುದೇನ್ ಎಂಬ ಸೀಮೆಯಲ್ಲಿ ಅದು ಒಂದು ಗೇಣನ್ನು ಮೀರಿ ಗೋಪುರದಂತೆ ಎದ್ದು ನಿಲ್ಲುತ್ತಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ನಿತ್ಯದ ಬಳಕೆಯಿಂದ ಅದು ಮೆಲ್ಲಮೆಲ್ಲನೆ ಜಾರಿ, ಈಗ ಜಾತ್ರೆ, ನೃತ್ಯ, ಮೆರವಣಿಗೆಗಳಲ್ಲಿ ಮಾತ್ರ ಕಾಣುತ್ತದೆ. ಮನೆಯನ್ನು ಬಿಟ್ಟ ಉಡುಪು ಕಡೆಗೆ ವೇಷವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ಘಟಪ್ರಭೆಯ ದಂಡೆಯ ಈ ಸೀಮೆಗೆ ನೂಲಿನ ನಂಟು ಹಳೆಯದು. ಗೋಕಾಕದ ಜಲಪಾತದ ಬಳಿ 1880ರ ದಶಕದಲ್ಲಿಯೇ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು ಎದ್ದಿತು. ಆದರೆ ಇಲ್ಲಿಯ ಹೆಣ್ಣುಮಕ್ಕಳ ಮಾನದ ಅರಿವೆ ಬಾಗಲಕೋಟ ಜಿಲ್ಲೆಯಿಂದ ಬಂದದ್ದು: ಸೀರೆ ಇಳಕಲ್ಲಿನದು, ಕುಪ್ಪಸದ ಖಣ ಗುಳೇದಗುಡ್ಡದ್ದು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ ಮಕ್ಕಳ ಹೆಸರು ಹಚ್ಚಲು ಬರುತ್ತಿದ್ದ ತಾಯಂದಿರಲ್ಲಿ ಹೆಚ್ಚಿನವರು ಇಳಕಲ್ಲ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ಬರುತ್ತಿದ್ದರು. ಅಜ್ಜಿಯರದು ಹದಿನೆಂಟು ಮೊಳದ ಸೀರೆ, ಕಚ್ಚೆಯ ಉಡಿಗೆ.

ಈ ಸೀರೆಯ ನೇಯ್ಗೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯ ಸೀರೆಗಳಲ್ಲಿ ಮೈಗೂ ಸೆರಗಿಗೂ ಹಾಸು ಒಂದೇ. ಹೊಕ್ಕಿನ ಬಣ್ಣ ಮಾತ್ರ ಬೇರೆ. ಇಳಕಲ್ಲಿನಲ್ಲಿ ಹಾಗಲ್ಲ. ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಶಿಮೆಯದು. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಕೆಂಪು ಬಿಳಿಗಳ ಟೋಪತೆನಿ ಸೆರಗು ಏಳುತ್ತದೆ. ಆದುದರಿಂದ ಒಂದೊಂದು ಸೀರೆಗೂ ಬೇರೆ ಬೇರೆ ಹಾಸನ್ನು ಸಿದ್ಧಪಡಿಸಬೇಕು. ಇಷ್ಟು ದುಡಿಮೆಯ ಸೀರೆಯ ಮೇಲೆ ನಮ್ಮ ಹೆಂಗಸರು ಮನೆಯಲ್ಲಿಯೇ ಕುಳಿತು ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಮೊದಲು ಗೆರೆ ಬರೆದುಕೊಳ್ಳದೆ ಕಸೂತಿ ಹಾಕಿದರು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ತುಳಸೀಕಟ್ಟೆ, ತೇರು, ಗೋಪುರ, ಆನೆ, ನವಿಲುಗಳು ಮೂಡಿದವು. ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಕಸೂತಿ ಹಾಕಿ ಮದುಮಗಳಿಗೆ ಕೊಡುವ ರೂಢಿಯಿದ್ದಿತು.

ಈಗ ಬೆಳಗಿನಿಂದ ಬೈಗಿನವರೆಗೆ ಕಬ್ಬಿನ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಹಗುರಾದ, ಬೇಗ ಒಣಗುವ, ಅಗ್ಗದ ಸೀರೆಯನ್ನು ಉಟ್ಟರೆ ಅದರಲ್ಲಿ ದೋಷವೇನೂ ಇಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ಚೂಡಿದಾರ ತೊಟ್ಟರೆ ಬಸ್ಸು ಹತ್ತುವುದು ಸುಲಭ. ಅನುಕೂಲವನ್ನು ಹಳಿಯುವವನು ವಿವೇಕಿಯಲ್ಲ. ನಮ್ಮ ಚಿಂತೆ ಬೇರೆ. ವರ್ಷಕ್ಕೊಮ್ಮೆ ಕಾಲೇಜಿನ ಸಾಂಪ್ರದಾಯಿಕ ದಿನದಂದು ಅದೇ ಮಕ್ಕಳು ಇಳಕಲ್ಲ ಸೀರೆಯುಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದು ನೋಡಲು ಚೆಂದ; ಆದರೆ ಬ್ರಿಟನಿಯ ತಲೆಯುಡುಪು ಹಿಡಿದ ದಾರಿಯೂ ಅದೇ. ಎರವಲು ತಂದ ಒಂದು ಸೀರೆಯನ್ನು ಹತ್ತು ಜನರು ಉಟ್ಟು ಕಳೆದರೆ ನೇಕಾರನ ಮನೆಯ ಒಲೆ ಹತ್ತುವುದಿಲ್ಲ.

ಆದರೂ ನಾವು ನಿರಾಶರಾಗಿಲ್ಲ. ಬ್ರಿಟನಿಗೆ ಉಳಿಯದ ಒಂದು ಆಸರೆ ನಮಗಿನ್ನೂ ಉಳಿದಿದೆ. ಅದೇ ನಮ್ಮ ಮನೆಗಳ ಶುಭಕಾರ್ಯ. ಮುತ್ತೈದೆಗೆ ಉಡಿ ತುಂಬುವಾಗ ಖಣ ಬೇಕು. ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ, ಹಸಿರು ಕುಪ್ಪಸ ಬೇಕು. ಈ ರೂಢಿಗಳನ್ನು ಯಾರೂ ಬಿಟ್ಟಿಲ್ಲ; ಬಿಟ್ಟದ್ದು ಅರಿವೆಯ ಗುಣವನ್ನು ಮಾತ್ರ. ಉಡಿಗೆ ಹಾಕಿದ ಖಣ ಕುಪ್ಪಸಕ್ಕೆ ಬಾರದೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ, ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ತಿರುಗುತ್ತಿರುವುದನ್ನು ಯಾವ ಗೃಹಿಣಿ ಅರಿಯಳು? ಹತ್ತು ಜನರಿಗೆ ಉಪಯೋಗಕ್ಕೆ ಬಾರದ ಹತ್ತು ತುಂಡುಗಳನ್ನು ಕೊಡುವುದಕ್ಕಿಂತ ನಾಲ್ವರಿಗೆ ಗುಳೇದಗುಡ್ಡದ ನಿಜವಾದ ಖಣವನ್ನು ಕೊಡುವುದು ಲೇಸಲ್ಲವೆ?

ಸೀರೆ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಸೆರಗನ್ನು ಬಿಚ್ಚಿಸಿ ಅದರ ಉದ್ದೆಳೆಯನ್ನು ನೋಡಬೇಕು. ಮೈಯ ಎಳೆಯೇ ಸೆರಗಿನುದ್ದಕ್ಕೂ ಹರಿದಿದ್ದರೆ ಅದು ಇಳಕಲ್ಲಿನ ಅನುಕರಣ. ಎಳೆ ಬದಲಾಗಿ, ಸಂದಿನಲ್ಲಿ ಕೊಂಡಿ ಕಂಡರೆ ಅದು ನೇಕಾರನ ಕೈಯ ಕೆಲಸ. ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಕಾಗದದ ಮಾನ್ಯತೆಗಿಂತ ಕೊಳ್ಳುವವರ ಕಣ್ಣಿನ ಪರಿಚಯ ದೊಡ್ಡದು. ಬೆಲೆಯಲ್ಲಿ ಎಳೆದಾಡುವ ಮುನ್ನ ಆ ಕೊಂಡಿಗಳನ್ನೊಮ್ಮೆ ಎಣಿಸಲು ಯತ್ನಿಸಿದರೆ ಸಾಕು. ಎಳೆದಾಡುವ ಬಾಯಿ ತಾನಾಗಿ ಮುಚ್ಚುವುದು.

ಲಿಯೋನಿನ ನೇಕಾರರು ಬೇಡಿದ್ದು ದುಡಿಮೆಗೆ ತಕ್ಕ ದರವನ್ನು ಮಾತ್ರ. ಅದನ್ನು ಕೊಡಲು ನಮ್ಮಲ್ಲಿ ದಂಗೆಯೂ ಬೇಡ, ರಾಜಾಜ್ಞೆಯೂ ಬೇಡ. ಬರುವ ಕುಬಸಕ್ಕೆ, ಬರುವ ಮದುವೆಗೆ, ಮನೆಗೊಂದು ಸೀರೆಯನ್ನು ನೋಡಿ ಅರಿತು ತಂದು, ಅದನ್ನು ಪೆಟ್ಟಿಗೆಯಲ್ಲಿಡದೆ ಉಟ್ಟರೆ ಸಾಕು.